ಜಾಣ ಮಗುವಿಗೂ ತಪಾಸಣೆ

ಮೂರೂವರೆ ವರ್ಷಕ್ಕೇ ಬಸ್ಸಿನ ಬೋರ್ಡು ಓದುವ ಮಗು ಅಂಗಿಯ ಗುಂಡಿ ಹಾಕಲು ಒದ್ದಾಡುತ್ತದೆಯೇ? ಓರಗೆಯವರೊಡನೆ ಬೆರೆಯುವುದಿಲ್ಲವೇ? ಜಾಣತನ, ತೊಡಕು ಎರಡನ್ನೂ ಮಕ್ಕಳ ವೈದ್ಯರಿಗೆ ಹೇಳಿ. ಜಾಣತನದ ಹೆಮ್ಮೆಯಲ್ಲಿ ಉಳಿದದ್ದನ್ನು ಮುಚ್ಚಿಡಬೇಡಿ. ಮೊದಲು ಕಿವಿ, ಕಣ್ಣಿನ ಪರೀಕ್ಷೆಯಾಗಲಿ. ಆಮೇಲೆ ಬುದ್ಧಿಮತ್ತೆ, ಬೆಳವಣಿಗೆಯ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬಹುದು. ಮಾತಿನ ತೊಂದರೆಯಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಮನೆಮಾತು ಕನ್ನಡವಾದರೆ ಪರೀಕ್ಷೆಯೂ ಕನ್ನಡದಲ್ಲೇ ನಡೆಯಲೆಂದು ಕೇಳಿಕೊಳ್ಳಿ. ಇಂಗ್ಲಿಷ್ ಪ್ರಶ್ನೆಗೆ ಸುಮ್ಮನಾದ ಮಾತ್ರಕ್ಕೆ ಮಗು ದಡ್ಡ ಎಂದಲ್ಲ. ನಿದ್ದೆಯ ಹೊತ್ತಿನಲ್ಲಿ ಕರೆದೊಯ್ಯಬೇಡಿ. ವೈದ್ಯರಿಗೆ ತೋರಿಸಲು ಮನೆಯಲ್ಲಿ ಆಡುವಾಗಿನ ಒಂದೆರಡು ವಿಡಿಯೊ ಫೋನಿನಲ್ಲಿರಲಿ.

ಈ ವಯಸ್ಸಿನ ಐಕ್ಯೂ ಅಂಕಿ ಮುಂದೆ ಬದಲಾಗಬಹುದು. ಅದನ್ನು ನೆಂಟರಿಷ್ಟರಿಗೆ ಹೇಳಿಕೊಂಡು ತಿರುಗಬೇಡಿ. ಮಗುವಿಗೆ ಏನು ಸುಲಭ, ಎಲ್ಲಿ ಆಸರೆ ಬೇಕು ಎಂಬುದನ್ನು ವರದಿಯಲ್ಲಿ ಬರೆಸಿಕೊಂಡು, ಅಂಗನವಾಡಿಯ ಟೀಚರಿಗೂ ತೋರಿಸಿ.