ಕಾರಿನಲ್ಲಿ ಸೀಟ್ ಬೆಲ್ಟ್, ಏರ್‌ಬ್ಯಾಗ್ ಹಾಗೂ ಮಕ್ಕಳ ಸೀಟು: ಸದಸ್ಯರಿಗೊಂದು ಅಧ್ಯಯನ ಪಾಠ



ತಾಲ್ಲೂಕು ಪಂಚಾಯಿತಿಯ ಸಭೆಗೋ ಜಿಲ್ಲಾ ಕೇಂದ್ರದ ತರಬೇತಿಗೋ ನಾವು ನಾಲ್ಕೈದು ಮಂದಿ ಕೂಡಿ ಒಂದೇ ಕಾರಿನಲ್ಲಿ ಹೊರಡುವುದು ರೂಢಿ. ಪೊಲೀಸರು ಕಂಡಾಗ ಚಾಲಕರು ಬೆಲ್ಟನ್ನು ಎಳೆದುಕೊಳ್ಳುತ್ತಾರೆ. ಅವರನ್ನು ದಾಟಿದೊಡನೆ ಬಿಡುತ್ತಾರೆ. ಹಿಂದೆ ಕುಳಿತವರ ಬೆಲ್ಟಿನ ಕೊಂಡಿಯಂತೂ ಸೀಟ್ ಕವರಿನಡಿ ಹುದುಗಿರುತ್ತದೆ. ದಂಡದ ಮಾತನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಲೆಕ್ಕವನ್ನು ನೋಡೋಣ.

ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಈ ವೇಗದಲ್ಲಿ ಕಾರು ಮರಕ್ಕೆ ಬಡಿದರೆ ಕಾರು ನಿಲ್ಲುತ್ತದೆ, ಒಳಗಿರುವ ದೇಹ ನಿಲ್ಲುವುದಿಲ್ಲ. ಮೂರು ಅಂತಸ್ತಿನ ಮೇಲಿಂದ ಬಿದ್ದವನು ನೆಲಕ್ಕೆ ತಾಗುವ ವೇಗವೂ ಹೆಚ್ಚುಕಡಿಮೆ ಇಷ್ಟೇ. ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತೆನ್ನಿ. ಮಡಿಲಲ್ಲಿರುವ 10 ಕೆ.ಜಿ.ಯ ಮಗುವನ್ನು ಹಿಡಿದು ನಿಲ್ಲಿಸಲು ಸುಮಾರು 140 ಕೆ.ಜಿ. ಭಾರವನ್ನು ತಡೆಯುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಅದು ಸಾಧ್ಯವಿಲ್ಲ.

ಇಂತಹ ಲೆಕ್ಕಗಳನ್ನು ಬಿಡಿಸಿ ಇಂಜಿನಿಯರಿಂಗ್ ಪದವಿ ಪಡೆದವನು ನಾನು. ಆದರೂ ಮೂರು ವರ್ಷಗಳ ಹಿಂದೆ, ಎರಡು ವರ್ಷದ ಮಗಳನ್ನು ಮಡಿಲಲ್ಲಿರಿಸಿಕೊಂಡು ಮುಂದಿನ ಸೀಟಿನಲ್ಲಿ ಕುಳಿತು ಮಾವನವರ ಊರಿನಿಂದ ಮರಳುತ್ತಿದ್ದೆ. ಎಮ್ಮೆಯೊಂದು ಅಡ್ಡ ಬಂದಿತು. ಡಿಕ್ಕಿಯಾಗಲಿಲ್ಲ, ಬ್ರೇಕ್ ಹಾಕಿದ್ದಷ್ಟೇ. ಮಗಳು ನನ್ನ ಕೈಯಿಂದ ಜಾರಿ ಆಕೆಯ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ನಾಲ್ಕು ಹೊಲಿಗೆ ಬಿದ್ದವು. ಡಿಕ್ಕಿಯಾಗಿ ಏರ್‌ಬ್ಯಾಗ್ ತೆರೆದುಕೊಂಡಿದ್ದರೆ ಏನಾಗುತ್ತಿತ್ತೆಂದು ಯೋಚಿಸುವ ಧೈರ್ಯ ಆ ರಾತ್ರಿ ನನಗೆ ಬರಲಿಲ್ಲ.

ಏರ್‌ಬ್ಯಾಗ್ ಮೆತ್ತನೆಯ ದಿಂಬೆಂಬ ಕಲ್ಪನೆ ತಪ್ಪು. ಡಿಕ್ಕಿಯ ಸುಳಿವು ಸಿಕ್ಕೊಡನೆ ಅದು ಕಣ್ಣೆವೆ ಬಡಿಯುವುದರೊಳಗೆ ಅನಿಲ ತುಂಬಿ ಸಿಡಿದಂತೆ ಉಬ್ಬುತ್ತದೆ. ಬೆಲ್ಟ್ ಧರಿಸಿದವನ ದೇಹ ಉಬ್ಬಿ ನಿಂತ ಚೀಲವನ್ನು ತಲುಪುತ್ತದೆ. ಧರಿಸದವನು ಉಬ್ಬುತ್ತಿರುವ ಚೀಲಕ್ಕೇ ಎದೆಗೊಡುತ್ತಾನೆ. ಸ್ಟೀರಿಂಗಿನ ಮೇಲೆ ಕಾಣುವ ‘ಎಸ್‌ಆರ್‌ಎಸ್’ ಎಂಬುದರ ಮೊದಲ ಅಕ್ಷರದ ಅರ್ಥವೇ ‘ಪೂರಕ’. ಬೆಲ್ಟೇ ಮೂಲ ರಕ್ಷಣೆ. ಚಾಲಕರ ಎದೆಗೂ ಸ್ಟೀರಿಂಗಿಗೂ ನಡುವೆ ಕನಿಷ್ಠ 25 ಸೆಂ.ಮೀ. ಅಂತರವಿರಲಿ. ಮುಂಭಾಗಕ್ಕೆ ಕಬ್ಬಿಣದ ಬುಲ್ ಬಾರ್ ಹಾಕಿಸಿದರೆ ಏರ್‌ಬ್ಯಾಗ್ ಸಕಾಲದಲ್ಲಿ ತೆರೆಯದಿರಬಹುದು. ಅದಕ್ಕೆ ನಿಷೇಧವೂ ಇದೆ. ನಮ್ಮ ಕಡೆ ಅದನ್ನೇ ಗತ್ತೆಂದು ತಿಳಿದಿದ್ದಾರೆ.

ಇಂದಿನ ಮೂರು ಬಿಂದುಗಳ ಬೆಲ್ಟನ್ನು 1959ರಲ್ಲಿ ವೋಲ್ವೊ ಕಂಪನಿಯ ಇಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. ಅದರ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬಿಗಿಯಾಗಿರಬೇಕು. ಮೇಲ್ಪಟ್ಟಿ ಭುಜದಿಂದ ಎದೆಯ ನಡುವೆ ಹಾಯಬೇಕು. ಕಂಕುಳಡಿ ತೂರಿಸುವುದು, ಬೆನ್ನ ಹಿಂದೆ ಹಾಕುವುದು ಅಪಾಯಕರ. ಗರ್ಭಿಣಿಯರೂ ಬೆಲ್ಟ್ ಧರಿಸಬೇಕು. ಕೆಳಪಟ್ಟಿ ಹೊಟ್ಟೆಯ ಕೆಳಗೆ, ತೊಡೆಯ ಬುಡದಲ್ಲಿರಲಿ. ಹಿಂದಿನ ಸೀಟು ಸುರಕ್ಷಿತವೆಂಬ ಭ್ರಮೆಯೂ ಬೇಡ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಮೃತಪಟ್ಟ ಉದ್ಯಮಿ ಸೈರಸ್ ಮಿಸ್ತ್ರಿಯವರು ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕುಳಿತಿದ್ದರು.

ಮಕ್ಕಳ ಸ್ಥಾನ ಹಿಂದಿನ ಸೀಟು. ಹಸುಳೆಯನ್ನು ಕಾರಿನ ಹಿಂಭಾಗಕ್ಕೆ ಮುಖ ಮಾಡಿಸುವ ವಿಶೇಷ ಸೀಟಿನಲ್ಲಿ ಕಟ್ಟಬೇಕು. ಇದನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಎಂದಿಗೂ ಇಡಬಾರದು. ನಂತರ ಮುಂದೆ ಮುಖ ಮಾಡುವ ಸೀಟು, ಆಮೇಲೆ ಎತ್ತರಿಸುವ ಬೂಸ್ಟರ್ ಸೀಟು. ಸುಮಾರು 145 ಸೆಂ.ಮೀ. ಎತ್ತರ ಬೆಳೆದ ಮೇಲೆ ಕಾರಿನ ಬೆಲ್ಟ್ ಸರಿಹೊಂದುತ್ತದೆ. ಈ ಸೀಟುಗಳ ಬೆಲೆ ಸಾವಿರಾರು ರೂಪಾಯಿ. ಹಳ್ಳಿಯ ಎಲ್ಲ ಮನೆಗಳಿಗೂ ಎಟುಕದೆಂದು ಬಲ್ಲೆ. ಮಗಳು ಬೆಳೆದ ನಂತರ ನಮ್ಮದನ್ನು ಅಕ್ಕನ ಮನೆಗೆ ಕೊಟ್ಟೆವು. ಅಪಘಾತ ಕಾಣದ ಸೀಟನ್ನು ಹೀಗೆ ಕೈಬದಲಾಯಿಸಬಹುದು. ಆದರೆ ಒಂದೇ ಬೆಲ್ಟಿನೊಳಗೆ ತಾಯಿ ಮಗು ಇಬ್ಬರನ್ನೂ ಸೇರಿಸಬೇಡಿ. ಡಿಕ್ಕಿಯಾದರೆ ತಾಯಿಯ ಭಾರವೇ ಮಗುವನ್ನು ಜಜ್ಜುತ್ತದೆ.

ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಂತೆ ಬೆಲ್ಟ್ ಧರಿಸದಿದ್ದರೆ 1,000 ರೂ. ದಂಡ, 14 ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಾಗಲಿ ಮಕ್ಕಳ ಸೀಟಿನಿಂದಾಗಲಿ ಭದ್ರಪಡಿಸದಿದ್ದರೂ ಅಷ್ಟೇ.

ಮಕ್ಕಳ ಗ್ರಾಮಸಭೆಯಲ್ಲಿ ಈ ವಿಷಯಕ್ಕೆ ಹತ್ತು ನಿಮಿಷ ಮೀಸಲಿಡಲು ಕೋರುತ್ತೇನೆ. ಮನೆಯ ಹಿರಿಯರಿಗೆ ನೆನಪಿಸುವವರು ಅವರೇ. ಸ್ವಚ್ಛ ವಾಹಿನಿಯ ಚಾಲಕಿಯರ ಬೆಲ್ಟ್ ಸುಸ್ಥಿತಿಯಲ್ಲಿದೆಯೇ ಎಂದು ಪರಿಶೀಲಿಸಿರಿ. ಮುಂದಿನ ಸಭೆಗೆ ಬಾಡಿಗೆ ಕಾರು ಗೊತ್ತುಮಾಡುವಾಗ, ಸೀಟ್ ಕವರಿನಡಿ ಹುದುಗಿರುವ ಕೊಂಡಿಗಳನ್ನು ಮೇಲೆ ತೆಗೆದಿಡುವಂತೆ ಚಾಲಕರಿಗೆ ಮೊದಲೇ ತಿಳಿಸಿರಿ.