ನೆತ್ತಿಗೆ ಹತ್ತಿತು ಎನ್ನಬೇಡಿ: ಲಕ್ವಾ ಹೊಡೆದವರಿಗೆ ಉಣಿಸುವವರು ಪಾಲಿಸಬೇಕಾದ್ದು

ಗದ್ವಾಲ್, ಮಖ್ತಲ್, ನಾರಾಯಣಪೇಟೆಯ ಕನ್ನಡದ ಮನೆಗಳಲ್ಲಿ ಲಕ್ವಾ ಹೊಡೆದವರನ್ನು ನೋಡಿಕೊಳ್ಳುವ ಎಲ್ಲರಿಗೂ:

ಕುಡಿದ ನೀರು ದಾರಿ ತಪ್ಪಿ ಕೆಮ್ಮು ಬಂದರೆ "ನೆತ್ತಿಗೆ ಹತ್ತಿತು, ಯಾರೋ ನೆನೆಸಿದರು" ಎಂದು ತಲೆ ತಟ್ಟುತ್ತೇವೆ. ಪಕ್ಕದ ತೆಲುಗರ ಮನೆಯಲ್ಲೂ ಇದೇ ನಂಬಿಕೆ. ನೀರು ನೆತ್ತಿಗೆ ಹತ್ತಿರುವುದಿಲ್ಲ, ಶ್ವಾಸನಾಳದ ಬಾಯಿಗೆ ಬಂದಿರುತ್ತದೆ.

ಗಂಟಲ ಗಂಟಿನ ಮೇಲೆ ಬೆರಳಿಟ್ಟು ಉಗುಳು ನುಂಗಿ ನೋಡಿ. ಗಂಟು ಮೇಲಕ್ಕೆ ಸರಿದು ಇಳಿಯುತ್ತದೆ. ಅದೇ ಧ್ವನಿಪೆಟ್ಟಿಗೆ. ಆ ಕ್ಷಣ ಉಸಿರು ನಿಲ್ಲುತ್ತದೆ, ಮಾತು ಹೊರಡಿಸುವ ಧ್ವನಿತಂತುಗಳೇ ಒಂದಕ್ಕೊಂದು ಒತ್ತಿ ಬಾಗಿಲು ಹಾಕುತ್ತವೆ, ಮೇಲಿನ ಮುಚ್ಚಳ ಬಾಗುತ್ತದೆ, ತುತ್ತು ಹಿಂದಿನ ಅನ್ನನಾಳಕ್ಕೆ ಜಾರುತ್ತದೆ. ಲಕ್ವಾ ಹೊಡೆದರೆ ಈ ಬಾಗಿಲು ಹೊತ್ತಿಗೆ ಸರಿಯಾಗಿ ಮುಚ್ಚದೆ ಹೋಗಬಹುದು. ಅನ್ನ, ನೀರು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆದರೆ ಪ್ರಾಣಕ್ಕೇ ಕುತ್ತು.

ಮಾಡಬೇಕಾದ್ದು

1. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈ ಬಿದ್ದುಹೋದರೆ ಗಡಿಯಾರ ನೋಡಿ, ಕೂಡಲೇ 108ಕ್ಕೆ ಫೋನ್ ಮಾಡಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಹೊತ್ತು ಸಾಮಾನ್ಯವಾಗಿ ನಾಲ್ಕೂವರೆ ತಾಸು.
2. ಮೊದಲು ನುಂಗುವ ಪರೀಕ್ಷೆ, ಆಮೇಲೆ ತುತ್ತು. ಆಸ್ಪತ್ರೆಯಲ್ಲಿ ನೀವೇ ಕೇಳಿ ಮಾಡಿಸಿ.
3. ನೆಟ್ಟಗೆ ಕೂಡಿಸಿ ಉಣಿಸಿ. ಉಂಡ ಮೇಲೂ ಅರ್ಧ ತಾಸು ಮಲಗಿಸದಿರಿ.
4. ಚಿಕ್ಕ ಚಮಚ ಬಳಸಿ. ಒಂದು ತುತ್ತು ಇಳಿದ ಮೇಲೇ ಇನ್ನೊಂದು.
5. ನುಂಗಿದ ಮೇಲೆ "ಆ" ಎನ್ನಿಸಿ ಧ್ವನಿ ಕೇಳಿ. ನೀರೊಳಗಿಂದ ಬಂದಂತೆ ಗೊರಗೊರ ಎಂದರೆ ಊಟ ನಿಲ್ಲಿಸಿ, ಕೆಮ್ಮಿಸಿ, ವೈದ್ಯರಿಗೆ ತಿಳಿಸಿ. ಕೆಲವರಿಗೆ ದಾರಿ ತಪ್ಪಿದರೂ ಕೆಮ್ಮೇ ಬರುವುದಿಲ್ಲ, ಧ್ವನಿಯೂ ಬದಲಾಗದಿರಬಹುದು. ಜ್ವರ, ಏದುಸಿರು ಕಂಡರೆ ತಡಮಾಡಬೇಡಿ.
6. ದಿನಕ್ಕೆ ಎರಡು ಸಲವಾದರೂ ಹಲ್ಲು, ನಾಲಿಗೆ ಉಜ್ಜಿ. ಬಾಯಿಯ ಕೊಳೆಯೇ ಉಗುಳಿನ ಜೊತೆ ಎದೆಗಿಳಿದು ಸೋಂಕಾಗುತ್ತದೆ.
7. ರಾಯಚೂರು, ಕರ್ನೂಲು, ಹೈದರಾಬಾದ್ ಎಲ್ಲಿಗೇ ಹೋದರೂ "ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು" ಎಂದು ಮೊದಲೇ ಹೇಳಿ. ಲಕ್ವಾದ ನಂತರ ಎರಡು ಭಾಷೆಗಳೂ ಒಟ್ಟಿಗೇ ಮರಳಬೇಕೆಂದಿಲ್ಲ. ತೆಲುಗಿನಲ್ಲಿ ಉತ್ತರ ಬಾರದಿದ್ದರೆ ಕನ್ನಡದಲ್ಲಿ ಕೇಳಿಸಿ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ತೊಂದರೆಗಳಿಗೆಂದೇ ಇದೆ.

ಮಾಡಬಾರದ್ದು

1. ಎಚ್ಚರವಿಲ್ಲದವರ ಬಾಯಿಗೆ ಹನಿ ನೀರೂ ಬಿಡಬಾರದು. ಅಲಂಪುರದ ಜೋಗುಳಾಂಬೆಯ ತೀರ್ಥವಾದರೂ ಬೆರಳು ಅದ್ದಿ ತುಟಿಗೆ ಸವರಿದರೆ ಸಾಕು.
2. ಕತ್ತು ಹಿಂದಕ್ಕೆ ಬಾಗಿಸಿ, ಮಲಗಿಸಿಕೊಂಡು ಹುಯ್ಯಬಾರದು. ಶ್ವಾಸನಾಳ ಬಾಯ್ದೆರೆಯುತ್ತದೆ.
3. "ನೀರು ತಾನೇ" ಎನ್ನಬಾರದು. ನೀರು ಬೇಗ ಹರಿದು ಬಾಗಿಲು ಮುಚ್ಚುವ ಮೊದಲೇ ಒಳನುಗ್ಗುತ್ತದೆ. ಗಟ್ಟಿ ಅಂಬಲಿ ನಿಧಾನ ಇಳಿಯುತ್ತದೆ. ಎಷ್ಟು ಗಟ್ಟಿ ಇರಬೇಕೆಂದು ಪರೀಕ್ಷೆ ಮಾಡಿದವರನ್ನು ಕೇಳಿ.
4. ತಿಳಿಸಾರಿನಲ್ಲಿ ಜೋಳದ ರೊಟ್ಟಿ ಮುರಿದು ಕೊಡಬಾರದು. ಸಾರು ಮುಂದೋಡುತ್ತದೆ, ರೊಟ್ಟಿ ಹಿಂದುಳಿಯುತ್ತದೆ. ಎರಡನ್ನೂ ಒಟ್ಟಿಗೆ ಸಂಭಾಳಿಸುವುದು ದುರ್ಬಲ ಗಂಟಲಿಗೆ ಕಷ್ಟ. ಒಂದೇ ಹದಕ್ಕೆ ನುಣ್ಣಗೆ ಕಿವುಚಿ.
5. ಶೇಂಗಾ, ಚುರುಮುರಿ, ಬೀಜವಿರುವ ಸೀತಾಫಲ ಕೊಡಬಾರದು.
6. ಬಾಯಲ್ಲಿ ತುತ್ತಿರುವಾಗ ಮಾತಾಡಿಸಬಾರದು, ಟಿವಿ ಹಚ್ಚಬಾರದು.
7. ಕೇಳದೆ ಮಾತ್ರೆ ಪುಡಿ ಮಾಡಬಾರದು. ಕೆಲವನ್ನು ಪುಡಿ ಮಾಡುವಂತಿಲ್ಲ.
8. ಮಾತು ತೊದಲಿತೆಂದರೆ ಬುದ್ಧಿ ಹೋಯಿತೆಂದಲ್ಲ. ಅವರ ಮುಂದೆಯೇ "ಅಜ್ಜನಿಗೆ ಏನೂ ತಿಳಿಯಲ್ಲ" ಎನ್ನಬಾರದು. ಅವರ ಮಾತನ್ನು ಅವರೇ ಮುಗಿಸಲಿ, ಕಾಯಿರಿ.

ತುತ್ತು ಸಿಕ್ಕಿಕೊಂಡರೆ

ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲೂ ಮಾತಾಡಲೂ ಆಗದಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡಿ. ಇನ್ನೊಬ್ಬರು ಅವರನ್ನು ಮುಂದಕ್ಕೆ ಬಾಗಿಸಿ, ಬೆನ್ನಿನ ರೆಕ್ಕೆಮೂಳೆಗಳ ನಡುವೆ ಅಂಗೈ ಬುಡದಿಂದ 5 ಪೆಟ್ಟು ಹಾಕಿ. ಬಿಡದಿದ್ದರೆ ಹಿಂದೆ ನಿಂತು, ಹೊಕ್ಕುಳಿಗಿಂತ ತುಸು ಮೇಲಕ್ಕೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ 5 ಸಲ ಎಳೆಯಿರಿ. ಬಿಡುವ ತನಕ ಎರಡನ್ನೂ ಸರದಿಯಂತೆ ಮಾಡಿ. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತಬಾರದು. ಕಣ್ಣಿಗೆ ಕಾಣದ್ದನ್ನು ಬೆರಳು ಹಾಕಿ ಕೆದಕಬಾರದು. ನೆತ್ತಿ ತಟ್ಟುತ್ತ ಹೊತ್ತು ಕಳೆಯಬಾರದು.