ತಂತಿಯೇ ದನಿಯಾದವನು

ಬ್ಲೂಗ್ರಾಸ್ ಎಂಬುದು ಅಮೆರಿಕದ ಬೆಟ್ಟಸೀಮೆಯ ಜನಪದ ಗೀತಗಳಿಂದ ಬೆಳೆದ ಸಂಗೀತ. ಅದರಲ್ಲಿ ಗಿಟಾರು ಬಹುಕಾಲ ಲಯಕ್ಕೆ ಆಸರೆಯಾಗಿತ್ತೇ ಹೊರತು ಮುಂದಾಳು ವಾದ್ಯವಾಗಿರಲಿಲ್ಲ. ಅದನ್ನು ಮುಂದಕ್ಕೆ ತಂದವರಲ್ಲಿ ಟೋನಿ ರೈಸನು ಪ್ರಮುಖನು. 1951ರಲ್ಲಿ ವರ್ಜೀನಿಯಾದಲ್ಲಿ ಜನಿಸಿದ ಈತನು ಬಾಲ್ಯದಲ್ಲಿಯೇ ಕ್ಲಾರೆನ್ಸ್ ವೈಟನ ವಾದನಕ್ಕೆ ಮಾರುಹೋದನು. ವೈಟನು 1973ರಲ್ಲಿ ಅಪಘಾತಕ್ಕೆ ಬಲಿಯಾದನು. ಅವನು ಹಿಂದೆ ನುಡಿಸುತ್ತಿದ್ದ 1935ರ ಮಾರ್ಟಿನ್ ಗಿಟಾರನ್ನು ರೈಸನು ಹುಡುಕಿಕೊಂಡು ಹೋಗಿ ಕೊಂಡನು. ಬದುಕಿನುದ್ದಕ್ಕೂ ಅದನ್ನು ಬಿಡಲಿಲ್ಲ.

ಜೆ. ಡಿ. ಕ್ರೋ ಎಂಬಾತನ ತಂಡದಲ್ಲಿ ರೈಸನು ಗಾಯಕನೂ ಹೌದು, ವಾದಕನೂ ಹೌದು. ಅಲ್ಲಿ ಹೆಸರು ಬರುತ್ತಿದ್ದಾಗಲೇ, 1975ರಲ್ಲಿ, ಅದನ್ನು ತೊರೆದು ಮ್ಯಾಂಡೊಲಿನ್ ವಾದಕ ಡೇವಿಡ್ ಗ್ರಿಸ್ಮನ್ನನ ತಂಡವನ್ನು ಸೇರಿದನು. ಅಲ್ಲಿ ಹಾಡಿಗೆ ಎಡೆಯಿರಲಿಲ್ಲ. ಜಾಜ್ ಸಂಗೀತದ ತೊಡಕಾದ ಸ್ವರಮೇಳಗಳೋ ಅವನಿಗೆ ಹೊಸವು. ನುರಿತ ವಾದಕನು ಮತ್ತೆ ವಿದ್ಯಾರ್ಥಿಯಾಗಿ, ಸ್ವರಮೇಳಗಳ ಶಾಸ್ತ್ರವನ್ನು ಕಲಿಯಬೇಕಾಯಿತು. ಹೆಸರು ಮಾಡಿದವನಿಗೆ ಇದು ಸುಲಭದ ಮಾತೇನಲ್ಲ.

ಈ ಕಲಿಕೆಯ ಬೆಲೆ ಮುಂದೆ ತಿಳಿಯಿತು. 1994ರಲ್ಲಿ ಗಂಟಲ ಸ್ನಾಯುಗಳ ಬಿಗಿತದಿಂದ ಅವನ ಹಾಡುವ ದನಿ ನಿಂತಿತು. ಬರಿಯ ಗಾಯಕನಾಗಿದ್ದರೆ ಅವನ ವೃತ್ತಿ ಅಲ್ಲಿಗೇ ಮುಗಿಯುತ್ತಿತ್ತು. ಅವನಾದರೋ ಇನ್ನೂ ಸುಮಾರು ಎರಡು ದಶಕಗಳ ಕಾಲ ವೇದಿಕೆಯೇರಿದನು. ಇತರರು ಹಾಡಿದರು, ಅವನು ನುಡಿಸಿದನು.